ಬಾಲ್ಕನಿಯ ಸ್ಲೈಡಿಂಗ್ ಬಾಗಿಲು ಲಾಕ್ ಆಗುತ್ತಿಲ್ಲವೇ? ಮೊದಲು ಅದರ ಗಾಲಿ ನೋಡಿ

ನಿಮ್ಮ ಪ್ರಶ್ನೆ ಇಷ್ಟು: ಬೆಂಗಳೂರಿನಲ್ಲಿ ಆರು ವರ್ಷದ ಫ್ಲಾಟು, ಹಾಲ್‌ನಿಂದ ಬಾಲ್ಕನಿಗೆ ಹೋಗಲು ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಸ್ಲೈಡಿಂಗ್ ಬಾಗಿಲು. ಮೂರು ತಿಂಗಳಿಂದ ಹ್ಯಾಂಡಲ್ ಅರ್ಧಕ್ಕೇ ನಿಂತುಬಿಡುತ್ತದೆ. ಬಾಗಿಲನ್ನು ಕೈಯಲ್ಲಿ ಸ್ವಲ್ಪ ಮೇಲಕ್ಕೆತ್ತಿ ಹಿಡಿದರೆ ಮಾತ್ರ ಲಾಕ್ ಬೀಳುತ್ತದೆ. ಬಂದು ನೋಡಿದವರು ಲಾಕ್ ಸೆಟ್ ಪೂರ್ತಿ ಬದಲಿಸಬೇಕು ಅಂದಿದ್ದಾರೆ. ಬದಲಿಸಬೇಕೇ?

ಬೇಡ. ಈಗಲೇ ಅಂತೂ ಬೇಡ. ‘ಮೇಲಕ್ಕೆತ್ತಿ ಹಿಡಿದರೆ ಲಾಕ್ ಬೀಳುತ್ತದೆ’ ಅಂತ ನೀವೇ ಬರೆದಿದ್ದೀರಲ್ಲ, ಕಾಯಿಲೆ ಯಾವುದು ಅನ್ನುವುದು ಅದರಲ್ಲೇ ಇದೆ. ನಿಮ್ಮ ಲಾಕ್ ಬಹುತೇಕ ಚೆನ್ನಾಗಿಯೇ ಇದೆ, ಬಾಗಿಲು ಕೆಳಗೆ ಕೂತಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಕೆಲಸ ಆಗಬಾರದು ಅಂತ ಇಷ್ಟುದ್ದ ಬರೆಯುತ್ತಿದ್ದೇನೆ, ಏಕೆಂದರೆ ನಮ್ಮ ಮನೆಯಲ್ಲಿ ಆಗಿದ್ದು ಅದೇ.

ನಮ್ಮದು ನಾಲ್ಕನೇ ಮಹಡಿ, ಬಾಲ್ಕನಿ ಪಶ್ಚಿಮಕ್ಕಿದೆ. ಮಳೆ ನೇರವಾಗಿ ಬಾಗಿಲಿಗೇ ಹೊಡೆಯುತ್ತದೆ. ನಿಮ್ಮ ಹಾಗೆಯೇ ಹ್ಯಾಂಡಲ್ ಬಿಗಿಯಾಯಿತು, ಒಬ್ಬರನ್ನು ಕರೆಸಿದೆವು, ಹೊಸ ಲಾಕ್ ಹಾಕಿಸಿದೆವು. ಅವರು ಹಾಕುವಾಗ ಬಾಗಿಲು ಇಳಿದಿದ್ದ ಮಟ್ಟಕ್ಕೇ ಚೌಕಟ್ಟಿನ ಮೇಲಿನ ಲೋಹದ ಪಟ್ಟಿ ಕೂರಿಸಿದ್ದರಿಂದಲೋ ಏನೋ, ಕೆಲವು ವಾರ ಚೆನ್ನಾಗಿತ್ತು. ಆಮೇಲೆ ಹೊಸ ಲಾಕ್ ಕೂಡ ಹಳೇದರ ಹಾಗೆಯೇ ಅಡ್ಡ ನಿಂತಿತು. ಆಗ ನಾನು, ಪಕ್ಕದ ಮನೆಯವರು ಸೇರಿ ಬಾಗಿಲನ್ನೇ ಕಳಚಿ ಹಾಲ್‌ನಲ್ಲಿ ಹಳೆ ಕಂಬಳಿಯ ಮೇಲೆ ಮಲಗಿಸಿದೆವು. ಕೆಳಗಿನ ಗಾಲಿ ನೋಡಿ ನನಗೆ ಬೇಜಾರಾಗಿಹೋಯಿತು. ಉದ್ದುದ್ದ ತಲೆಗೂದಲು ಅಚ್ಚಿಗೆ ದಾರದ ಉಂಡೆಯ ಹಾಗೆ ಸುತ್ತಿಕೊಂಡಿತ್ತು, ಅದರ ಮೇಲೆ ಧೂಳೂ ನೀರೂ ಸೇರಿದ ಕಪ್ಪು ಕೆಸರು. ಬೇರಿಂಗ್ ತುಕ್ಕು ಹಿಡಿದು ನಿಂತೇಹೋಗಿತ್ತು. ತಿರುಗದ ಗಾಲಿಯನ್ನು ತಿಂಗಳುಗಟ್ಟಲೆ ಎಳೆದಾಡಿದ್ದರಿಂದ ಅದರ ಒಂದು ಬದಿ ಸವೆದು ಚಪ್ಪಟೆಯಾಗಿತ್ತು. ಆ ಸವೆತ ಬೆರಳಲ್ಲಿ ಮುಟ್ಟಿದರೆ ತಿಳಿಯುವಷ್ಟಿತ್ತು. ನಾವು ದುಡ್ಡು ಕೊಟ್ಟಿದ್ದು ಲಾಕಿಗೆ!

ಲಾಕ್ ಹೇಗೆ ಕೆಲಸ ಮಾಡುತ್ತದೆ ಅಂತ ಒಂದು ಸಲ ಕಣ್ಣಿಗೆ ಕಟ್ಟಿದರೆ ಉಳಿದದ್ದೆಲ್ಲ ಸುಲಭ. ಬಾಗಿಲಿನ ಅಂಚಿನೊಳಗೆ ಉದ್ದಕ್ಕೆ ಒಂದು ಕಬ್ಬಿಣದ ಪಟ್ಟಿ ಇರುತ್ತದೆ. ಹ್ಯಾಂಡಲ್ ತಿರುಗಿಸಿದಾಗ ಅದು ಮೇಲೆ ಕೆಳಗೆ ಜರುಗುತ್ತದೆ. ಅದಕ್ಕೆ ಸೇರಿದ ಕೊಕ್ಕೆಗಳೋ ಅಣಬೆಯಾಕಾರದ ಗುಂಡಿಗಳೋ ಚೌಕಟ್ಟಿನ ಮೇಲಿರುವ ಲೋಹದ ಪಟ್ಟಿಯ ತೂತಿಗೆ ಹೋಗಿ ಸಿಕ್ಕಿಕೊಳ್ಳುತ್ತವೆ. ಆ ತೂತಿನಲ್ಲಿ ಹೆಚ್ಚು ಜಾಗ ಇರುವುದಿಲ್ಲ. ಬಾಗಿಲು ಎರಡು ಮೂರು ಮಿಲಿಮೀಟರ್ ಇಳಿದರೂ ಸಾಕು, ಕೊಕ್ಕೆಯ ಮೂತಿ ತೂತಿನ ಕೆಳತುಟಿಗೆ ಬಡಿಯುತ್ತದೆ, ಹ್ಯಾಂಡಲ್ ಅರ್ಧಕ್ಕೇ ನಿಲ್ಲುತ್ತದೆ.

ಇಳಿಯದೆ ಏನು ಮಾಡೀತು, ಭಾರ ಲೆಕ್ಕ ಹಾಕಿ ನೋಡಿ. ಗಾಜು ಚದರ ಮೀಟರಿಗೆ, ಪ್ರತಿ ಮಿಲಿಮೀಟರ್ ದಪ್ಪಕ್ಕೆ 2.5 ಕೆ.ಜಿ. ತೂಗುತ್ತದೆ. ಮೂರಡಿ ಅಗಲ, ಏಳಡಿ ಎತ್ತರದ ಒಂದು ಬಾಗಿಲಿಗೆ 5 ಮಿ.ಮೀ. ಗಾಜು ಹಾಕಿದ್ದರೆ ಗಾಜೊಂದೇ ಸುಮಾರು 24 ಕೆ.ಜಿ. ಅದರ ಮೇಲೆ ಚೌಕಟ್ಟು, ಒಳಗೆ ತೂರಿಸಿದ ಕಬ್ಬಿಣ. ಇಷ್ಟೂ ಭಾರ ಹೊರುವುದು ಕೆಳಗೆ ಎರಡು ಮೂಲೆಯಲ್ಲಿರುವ ಪುಟ್ಟ ಗಾಲಿಗಳು.

ಈಗ ನಿಮ್ಮ ಬಾಗಿಲಿಗೆ ಬರೋಣ. ಮೊದಲು ಬಾಗಿಲು ತೆರೆದಿರುವಾಗಲೇ ಹ್ಯಾಂಡಲ್ ತಿರುಗಿಸಿ. ಕೊಕ್ಕೆಗಳು ಸಲೀಸಾಗಿ ಹೊರಬಂದು, ಸಲೀಸಾಗಿ ಒಳಹೋದರೆ ಲಾಕಿಗೆ ಏನೂ ಆಗಿಲ್ಲ. ಒಂದು ಎಚ್ಚರಿಕೆ: ಕೆಲವು ಲಾಕುಗಳಲ್ಲಿ ಬಾಗಿಲು ತೆರೆದಿದ್ದಾಗ ಕೊಕ್ಕೆ ಹೊರಬರದಂತೆ ತಡೆಯುವ ಪುಟ್ಟ ಗುಂಡಿಯೊಂದು ಅಂಚಿನಲ್ಲಿರುತ್ತದೆ. ಅದನ್ನು ಬೆರಳಲ್ಲಿ ಒತ್ತಿ ಹಿಡಿದುಕೊಂಡೇ ತಿರುಗಿಸಬೇಕು. ಇದು ಗೊತ್ತಿಲ್ಲದೆ ‘ತೆರೆದಿದ್ದಾಗಲೂ ತಿರುಗುತ್ತಿಲ್ಲ, ಲಾಕ್ ಹೋಯಿತು’ ಅಂದುಬಿಡುವವರಿದ್ದಾರೆ. ಪರೀಕ್ಷೆ ಮುಗಿದ ಮೇಲೆ ಕೊಕ್ಕೆ ಒಳಗೆ ಹಾಕಿಯೇ ಬಾಗಿಲು ಮುಚ್ಚಿ, ಇಲ್ಲದಿದ್ದರೆ ಅದು ಚೌಕಟ್ಟಿಗೆ ಬಡಿದು ಬಾಗುತ್ತದೆ.

ಎರಡನೆಯದು ನಮ್ಮಮ್ಮ ಹೇಳಿಕೊಟ್ಟ ಉಪಾಯ. ಚಿಟಿಕೆ ಕುಂಕುಮಕ್ಕೆ ಒಂದು ತೊಟ್ಟು ಎಣ್ಣೆ ಹಾಕಿ ಕಲಸಿ, ಕೊಕ್ಕೆಯ ಮೂತಿಗೆ ಹಚ್ಚಿ. ಬಾಗಿಲು ಮುಚ್ಚಿ, ಎಲ್ಲಿಯವರೆಗೆ ತಿರುಗುತ್ತದೋ ಅಲ್ಲಿಯವರೆಗೆ ಮಾತ್ರ ಮೆಲ್ಲಗೆ ತಿರುಗಿಸಿ, ಮತ್ತೆ ತೆರೆಯಿರಿ. ಚೌಕಟ್ಟಿನ ಪಟ್ಟಿಯ ಮೇಲೆ ಕೆಂಪು ಗುರುತು ಬಿದ್ದಿರುತ್ತದೆ. ಗುರುತು ತೂತಿನ ಕೆಳತುಟಿಯಲ್ಲಿದ್ದರೆ ಬಾಗಿಲು ಇಳಿದಿದೆ. ಪಕ್ಕದ ಅಂಚಿನಲ್ಲಿದ್ದರೆ ಪಟ್ಟಿಯೇ ಸಡಿಲವಾಗಿ ಓರೆಯಾಗಿದೆ. ನಮ್ಮ ಮನೆಯಲ್ಲಿ ಆ ಕೆಂಪು ಗೆರೆ ಕಂಡ ಕ್ಷಣ ಅಷ್ಟು ದಿನದ ಗೊಂದಲ ಮುಗಿಯಿತು. (ಬಿಳಿ ಯುಪಿವಿಸಿಗೆ ಕುಂಕುಮ ಕಲೆ ಕೂರುತ್ತದೆ, ತಕ್ಷಣ ಒರೆಸಿ. ಲಿಪ್‌ಸ್ಟಿಕ್ ಇದ್ದರೆ ಅದೂ ಆದೀತು.)

ಮೂರನೆಯದಾಗಿ, ಬಾಗಿಲನ್ನು ಚೌಕಟ್ಟಿಗೆ ಒಂದು ಬೆರಳಷ್ಟು ಬಾಕಿ ಇರುವಂತೆ ತಂದು ನಿಲ್ಲಿಸಿ ಆ ಸಂದನ್ನು ನೋಡಿ. ಮೇಲಿಂದ ಕೆಳಗಿನವರೆಗೆ ಒಂದೇ ಅಗಲ ಇದ್ದರೆ ಎರಡೂ ಗಾಲಿ ಸಮ ಇಳಿದಿವೆ. ಮೇಲೆ ಒಂದು ಅಗಲ, ಕೆಳಗೆ ಇನ್ನೊಂದು ಇದ್ದರೆ ಒಂದು ಬದಿಯ ಗಾಲಿ ಹೆಚ್ಚು ಇಳಿದಿದೆ ಅಂತ ಅರ್ಥ.

ಇಷ್ಟು ತಿಳಿದರೂ ಕೂಡಲೇ ಸ್ಕ್ರೂಡ್ರೈವರ್ ಹಿಡಿಯಬೇಡಿ, ಮೊದಲು ಟ್ರ್ಯಾಕ್ ಕ್ಲೀನ್ ಮಾಡಿ. ಎಷ್ಟೋ ಬಾಗಿಲು ಇಷ್ಟಕ್ಕೇ ಸರಿಹೋಗುತ್ತದೆ. ಒಣ ಧೂಳನ್ನು ಮೊದಲು ಬ್ರಷ್‌ನಿಂದಲೋ ವ್ಯಾಕ್ಯೂಮ್‌ನಿಂದಲೋ ತೆಗೆಯಿರಿ. ಪಕ್ಕದಲ್ಲಿ ಕಟ್ಟಡದ ಕೆಲಸ ನಡೆಯುತ್ತಿದ್ದರೆ ಆ ಧೂಳಿನಲ್ಲಿ ಸಿಮೆಂಟ್ ಇರುತ್ತದೆ, ನೀರು ಹಾಕಿದರೆ ಗಟ್ಟಿಯಾಗಿ ಕೂತುಬಿಡುತ್ತದೆ. ಆಮೇಲೆ ಹಲ್ಲುಜ್ಜುವ ಹಳೆ ಬ್ರಷ್, ಒದ್ದೆ ಬಟ್ಟೆ. ಟ್ರ್ಯಾಕಿನ ಹೊರಬದಿಯಲ್ಲಿ ನೀರು ಹರಿದುಹೋಗಲು ಉದ್ದನೆಯ ಸೀಳುಗಳಿರುತ್ತವೆ. ಅವು ಸತ್ತ ಸೊಳ್ಳೆ, ತರಗೆಲೆ, ಧೂಳಿನಿಂದ ಮುಚ್ಚಿಹೋಗಿದ್ದರೆ ಮಳೆನೀರು ಟ್ರ್ಯಾಕಿನಲ್ಲೇ ನಿಲ್ಲುತ್ತದೆ, ಗಾಲಿ ಆ ನೀರಿನಲ್ಲೇ ನೆನೆಯುತ್ತದೆ, ಬೇರಿಂಗ್ ತುಕ್ಕು ಹಿಡಿಯುತ್ತದೆ. ಪೊರಕೆ ಕಡ್ಡಿಯಿಂದ ಆ ಸೀಳುಗಳನ್ನು ಬಿಡಿಸಿ, ಒಂದು ಲೋಟ ನೀರು ಸುರಿದು ನೋಡಿ. ನಿಲ್ಲದೆ ಹೊರಗೆ ಹರಿದುಹೋಗಬೇಕು. ನನ್ನ ಪ್ರಕಾರ ಸ್ಲೈಡಿಂಗ್ ಬಾಗಿಲಿನ ಆಯುಸ್ಸು ನಿಂತಿರುವುದು ಈ ಸೀಳುಗಳ ಮೇಲೆ, ಆದರೆ ಬಾಗಿಲು ಹಾಕಿಕೊಟ್ಟವರು ಯಾರೂ ನಮಗೆ ಅದನ್ನು ತೋರಿಸಿರಲಿಲ್ಲ.

ಈಗ ಗಾಲಿ ಏರಿಸುವುದು. ಬಾಗಿಲಿನ ಅಂಚಿನಲ್ಲಿ, ತೀರಾ ಕೆಳಗೆ, ಎರಡೂ ಬದಿಯಲ್ಲಿ ಒಂದೊಂದು ತೂತು ಇರುತ್ತದೆ. ಮೇಲೆ ಪ್ಲಾಸ್ಟಿಕ್ ಬಿರಡೆ ಇದ್ದರೆ ಉಗುರಿನಿಂದ ತೆಗೆಯಿರಿ. ಒಳಗೆ ಟಾರ್ಚ್ ಬಿಟ್ಟು ನೋಡಿದರೆ ಸ್ಟಾರ್ ಸ್ಕ್ರೂವಿನ ತಲೆಯೋ ಆಲನ್ ಕೀ ಹಾಕುವ ಆರು ಮೂಲೆಯ ಕುಳಿಯೋ ಕಾಣುತ್ತದೆ. ಸಾಮಾನ್ಯವಾಗಿ ಬಲಕ್ಕೆ ತಿರುಗಿಸಿದರೆ ಬಾಗಿಲು ಏಳುತ್ತದೆ. ಉಲ್ಟಾ ಇರುವುದೂ ಉಂಟು, ಹಾಗಾಗಿ ಅರ್ಧ ಸುತ್ತು ತಿರುಗಿಸಿ ಬಾಗಿಲಿನ ಕೆಳಗಿನ ಸಂದು ಹೆಚ್ಚಾಯಿತೋ ಕಡಿಮೆಯಾಯಿತೋ ನೋಡಿಕೊಳ್ಳಿ. ತಿರುಗಿಸುವಾಗ ಇನ್ನೊಬ್ಬರು ಬಾಗಿಲಿನ ಆ ಬದಿಯನ್ನು ಸ್ವಲ್ಪ ಎತ್ತಿ ಭಾರ ಹಗುರ ಮಾಡಲೇಬೇಕು. ಪೂರ್ತಿ ಭಾರದ ಮೇಲೆ ತಿರುಗಿಸಲು ಹೋದರೆ ಸ್ಕ್ರೂವಿನ ತಲೆ ಸವೆದುಹೋಗುತ್ತದೆ, ಆಮೇಲೆ ಅದನ್ನು ಏರಿಸಲೂ ಆಗದು ಇಳಿಸಲೂ ಆಗದು. ಅರ್ಧರ್ಧ ಸುತ್ತು, ಎಡಬದಿಯ ಸ್ಕ್ರೂ ಒಮ್ಮೆ, ಬಲಬದಿಯದು ಒಮ್ಮೆ, ಪ್ರತಿ ಸಲ ಲಾಕ್ ಹಾಕಿ ನೋಡುತ್ತಾ ಹೋಗಿ. ಒಂದೇ ಬೆರಳಲ್ಲಿ ಹ್ಯಾಂಡಲ್ ಪೂರ್ತಿ ತಿರುಗಿದರೆ ಅಲ್ಲಿಗೆ ನಿಲ್ಲಿಸಿ. ಇನ್ನೂ ಕೂದಲೆಳೆಯಷ್ಟು ತಾಗುತ್ತಿದ್ದರೆ ಮಾತ್ರ ಚೌಕಟ್ಟಿನ ಪಟ್ಟಿಯ ಸ್ಕ್ರೂ ಸಡಿಲಿಸಿ ಸ್ವಲ್ಪ ಸರಿಸಿ. ತುಂಬ ಪಟ್ಟಿಗಳಲ್ಲಿ ಸ್ಕ್ರೂವಿನ ತೂತು ಉದ್ದಕ್ಕಿರುವುದು ಹೀಗೆ ಸರಿಸಲಿ ಅಂತಲೇ. ಗಾಲಿ ಬಿಟ್ಟು ಪಟ್ಟಿಯನ್ನು ಕೆಳಗೆ ಸರಿಸುತ್ತಾ ಹೋದರೆ ಬಾಗಿಲು ಮತ್ತಷ್ಟು ಇಳಿಯುತ್ತದೆ, ಕೊನೆಗೆ ಚೌಕಟ್ಟೇ ಟ್ರ್ಯಾಕನ್ನು ಉಜ್ಜಲು ಶುರುವಾಗುತ್ತದೆ.

ಸ್ಕ್ರೂ ಪೂರ್ತಿ ತಿರುಗಿಸಿದರೂ ಬಾಗಿಲು ಏಳದಿದ್ದರೆ, ಇಲ್ಲವೇ ಎಳೆಯುವಾಗ ಗರಗರ ಸದ್ದು ಬಂದರೆ ಗಾಲಿ ಸತ್ತಿದೆ, ಬಾಗಿಲು ಕಳಚಲೇಬೇಕು. ಇದನ್ನು ಒಬ್ಬರೇ ಮಾಡಬೇಡಿ. ಮೇಲಿನ ಟ್ರ್ಯಾಕಿನಲ್ಲಿ ಬಾಗಿಲನ್ನು ಯಾರೂ ಹೊರಗಿನಿಂದ ಎತ್ತಿ ತೆಗೆಯದಿರಲಿ ಅಂತ ಒಂದು ಪ್ಲಾಸ್ಟಿಕ್ ತುಂಡು ಕೂರಿಸಿರುತ್ತಾರೆ, ಅದನ್ನು ಬಿಚ್ಚಬೇಕು. ಗಾಲಿಯನ್ನು ಪೂರ್ತಿ ಬಾಗಿಲಿನೊಳಕ್ಕೆ ಸೇರಿಸಿ, ಇಬ್ಬರು ಸೇರಿ ಬಾಗಿಲನ್ನು ಮೇಲಕ್ಕೆತ್ತಿ, ಕೆಳಭಾಗವನ್ನು ಒಳಗೆ ಎಳೆದುಕೊಳ್ಳಬೇಕು. ಟಫನ್ಡ್ ಗಾಜು (ಕಾಯಿಸಿ ಗಟ್ಟಿ ಮಾಡಿದ್ದು) ನಡುವೆ ಗುದ್ದಿದರೆ ತಡೆದುಕೊಳ್ಳುತ್ತದೆ, ಆದರೆ ಅಂಚಿಗೆ ಏಟು ಬಿದ್ದರೆ ಇಡೀ ಗಾಜು ಕಾಳುಕಾಳಾಗಿ ಉದುರುತ್ತದೆ. ಬಾಗಿಲಿನ ಮೂಲೆಯನ್ನು ಟೈಲ್ಸಿನ ಮೇಲೆ ಊರಲೇಬೇಡಿ, ಕೆಳಗೆ ಕಂಬಳಿ ಇರಲಿ. ಹಳೆ ಗಾಲಿಯನ್ನು ಬಿಚ್ಚಿ ಅಂಗಡಿಗೇ ತೆಗೆದುಕೊಂಡು ಹೋಗಿ. ನೋಡಲು ಒಂದೇ ಥರ ಇರುವ ಗಾಲಿಗಳಲ್ಲಿ ಎತ್ತರ, ತೋಡಿನ ಆಕಾರ, ಸ್ಕ್ರೂ ಇರುವ ಜಾಗ ಎಲ್ಲ ಬೇರೆಬೇರೆ, ಫೋಟೋ ತೋರಿಸಿದರೆ ಸಾಲದು. ಎಸ್.ಪಿ. ರೋಡ್ ಸುತ್ತಮುತ್ತ ಹುಡುಕಿ, ಇಲ್ಲವೇ ನಿಮ್ಮ ಏರಿಯಾದಲ್ಲಿ ಅಲ್ಯೂಮಿನಿಯಂ ಕಿಟಕಿ ಮಾಡುವವರಲ್ಲೇ ಕೇಳಿ. ಎರಡೂ ಬದಿಯ ಗಾಲಿ ಒಟ್ಟಿಗೆ ಬದಲಿಸಿ.

ಹಾಗಾದರೆ ಲಾಕ್ ಕೆಡುವುದೇ ಇಲ್ಲವೇ ಅಂದರೆ, ಕೆಡುತ್ತದೆ. ಬಾಗಿಲು ತೆರೆದಿದ್ದಾಗಲೂ ಹ್ಯಾಂಡಲ್ ಗಿರಗಿರ ಸುಮ್ಮನೆ ತಿರುಗಿದರೆ, ಕೊಕ್ಕೆ ಹೊರಗೆ ಬರದಿದ್ದರೆ ಒಳಗಿನ ಹಲ್ಲು ಮುರಿದಿದೆ, ಆಗ ಬದಲಿಸಿ. ಬರೀ ಕೀ ತಿರುಗುವ ಭಾಗ ಹಾಳಾಗಿದ್ದರೆ ಆ ಸಿಲಿಂಡರ್ ಒಂದನ್ನೇ ಬದಲಿಸಬಹುದು. ಬಾಗಿಲಿನ ಅಂಚಿನಲ್ಲಿ ಕೀ ತೂತಿನ ನೇರಕ್ಕೆ ಒಂದು ಉದ್ದ ಸ್ಕ್ರೂ ಇರುತ್ತದೆ. ಅದನ್ನು ಬಿಚ್ಚಿ, ಕೀಯನ್ನು ಸ್ವಲ್ಪ ಓರೆ ಮಾಡಿ ಹಿಡಿದರೆ ನಡುವಿನ ನಾಲಿಗೆ ಒಳಗೆ ಸೇರಿ ಸಿಲಿಂಡರ್ ಜಾರಿ ಹೊರಗೆ ಬರುತ್ತದೆ. ಹೊಸದು ತರುವಾಗ ಆ ಸ್ಕ್ರೂ ತೂತಿನ ನಡುವಿನಿಂದ ಎರಡೂ ತುದಿಗೆ ಎಷ್ಟೆಷ್ಟು ಮಿಲಿಮೀಟರ್ ಅಂತ ಅಳೆದುಕೊಂಡು ಹೋಗಿ.

ಒಂದಂತೂ ಮಾಡಬೇಡಿ, ಹ್ಯಾಂಡಲ್ ಮೇಲೆ ಬಲ ಹಾಕಬೇಡಿ. ಕೆಟ್ಟಿರದ ಲಾಕ್ ಕೆಡುವುದು ಹೀಗೆಯೇ. ಕೊಕ್ಕೆ ಸಿಕ್ಕಿಕೊಂಡಿರುವಾಗ ಒಳಗೆ ಮುರಿದರೆ ಬಾಗಿಲು ತೆರೆಯುವುದೇ ಇಲ್ಲ.

ಎಣ್ಣೆಯ ವಿಷಯಕ್ಕೆ ಬಂದರೆ, ನಮ್ಮ ಮನೆಗಳಲ್ಲಿ ಎಲ್ಲದಕ್ಕೂ ಕೊಬ್ಬರಿ ಎಣ್ಣೆಯೇ. ಆದರೆ ಅದು ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಗಟ್ಟಿಯಾಗುತ್ತದೆ. ಡಿಸೆಂಬರ್ ಬೆಳಗ್ಗೆ ಬಾಟಲಿಯಲ್ಲಿ ಹೇಗೆ ಬೆಳ್ಳಗೆ ಹೆಪ್ಪುಗಟ್ಟಿರುತ್ತದೋ ಲಾಕಿನೊಳಗೂ ಹಾಗೆಯೇ. ಧೂಳನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಡಬ್ಲ್ಯುಡಿ-40 ಸ್ಪ್ರೇ ತುಕ್ಕು ಬಿಡಿಸಲು ಒಳ್ಳೆಯದು, ಆದರೆ 1953ರಲ್ಲಿ ಅದನ್ನು ತಯಾರಿಸಿದ್ದೇ ಲೋಹದಿಂದ ನೀರು ಹೊರದೂಡಲು, ಹೆಸರಿನ ಅರ್ಥವೂ ಅದೇ. ಜಾರುವಿಕೆ ಬಹಳ ದಿನ ಉಳಿಯುವುದಿಲ್ಲ. ಟ್ರ್ಯಾಕಿಗೆ, ಕೊಕ್ಕೆಗೆ ಸಿಲಿಕೋನ್ ಸ್ಪ್ರೇ ಹೊಡೆದು ಹೆಚ್ಚಾದದ್ದು ಒರೆಸಿಬಿಡಿ. ಕೀ ತೂತಿಗೆ ಎಣ್ಣೆಯೇ ಬೇಡ. ಪೆನ್ಸಿಲ್ ಸೀಸವನ್ನು ಕೀಯ ಹಲ್ಲಿಗೆ ಉಜ್ಜಿ ನಾಲ್ಕು ಸಲ ಹಾಕಿ ತೆಗೆದರೆ ಸಾಕು, ಆ ಗ್ರಾಫೈಟ್ ಪುಡಿ ಅಂಟುವುದಿಲ್ಲ, ಸಲೀಸಾಗಿ ಜಾರುತ್ತದೆ. ನಾನು ವರ್ಷಕ್ಕೆ ಎರಡು ಸಲ ಇದಿಷ್ಟೂ ಮಾಡುತ್ತೇನೆ, ಮುಂಗಾರಿಗೆ ಮುಂಚೆ ಮೇ ತಿಂಗಳಲ್ಲಿ, ದೀಪಾವಳಿಯ ಮನೆ ಕ್ಲೀನಿಂಗ್ ಜೊತೆಗೆ ಇನ್ನೊಮ್ಮೆ.

ಸರಿಯಾಗುವ ತನಕ ರಾತ್ರಿ ಹೊತ್ತಿಗೆ ಟ್ರ್ಯಾಕಿನಲ್ಲಿ, ಮುಚ್ಚಿದ ಬಾಗಿಲಿನ ಹಿಂದೆ ಉಳಿಯುವ ಜಾಗಕ್ಕೆ ಸರಿಯಾಗಿ ಕತ್ತರಿಸಿದ ಕೋಲೊಂದನ್ನು ಮಲಗಿಸಿಡಿ, ಬಾಗಿಲು ಜಾರುವುದಿಲ್ಲ. ಕೋಲು ಮನೆಯ ಒಳಬದಿಯಲ್ಲಿರಲಿ, ಕತ್ತಲಲ್ಲೂ ಕಾಣುವಂತೆ ಬಿಳಿ ಬಟ್ಟೆ ಸುತ್ತಿಡಿ. ಹಗಲು ಯಾರಾದರೂ ಬಾಲ್ಕನಿಯಲ್ಲಿದ್ದರೆ ಅದನ್ನು ಟ್ರ್ಯಾಕಿನಿಂದ ದೂರ ಇಡಿ. ಇದನ್ನು ಹೇಳಲು ಕಾರಣವಿದೆ. ನಮ್ಮ ಹಳೆ ಬಾಡಿಗೆ ಮನೆಯಲ್ಲಿ ಮುಚ್ಚಿದೊಡನೆ ತಾನೇ ಬೀಳುವ ಟಚ್ ಲಾಕ್ ಇತ್ತು. ಅಮ್ಮ ಬಟ್ಟೆ ಒಣಗಿಸಲು ಹೋಗಿ, ಸೊಳ್ಳೆ ಬರುತ್ತದೆ ಅಂತ ಬಾಗಿಲು ಎಳೆದುಕೊಂಡರು. ನಾವೆಲ್ಲ ಹೊರಗೆ, ಅವರ ಫೋನ್ ಅಡುಗೆಮನೆಯಲ್ಲಿ. ಎರಡು ಗಂಟೆ ಬಿಸಿಲಲ್ಲಿ ನಿಂತಿದ್ದರು, ಕೊನೆಗೆ ಕೆಳಗೆ ತರಕಾರಿ ಗಾಡಿಯವರು ಕೂಗು ಕೇಳಿ ವಾಚ್‌ಮನ್‌ಗೆ ಹೇಳಿದರು. ನಿಮ್ಮ ಮನೆಯಲ್ಲಿ ವಯಸ್ಸಾದವರು, ಮಕ್ಕಳು ಇದ್ದರೆ ಹೊಸ ಲಾಕ್ ಹಾಕಿಸುವ ಸಂದರ್ಭ ಬಂದರೂ ತಾನಾಗಿ ಬೀಳುವಂಥದ್ದು ಹಾಕಿಸಬೇಡಿ.

ಈ ಭಾನುವಾರ ಕುಂಕುಮದ ಪರೀಕ್ಷೆಯೊಂದು ಮಾಡಿ. ಗುರುತು ಎಲ್ಲಿ ಬಿತ್ತು, ಕೆಳಗಿನ ತೂತಿನಲ್ಲಿ ಕಾಣುವುದು ಸ್ಟಾರ್ ಸ್ಕ್ರೂವೋ ಆಲನ್ ಕೀ ಕುಳಿಯೋ, ಎಳೆದಾಗ ಸದ್ದು ಬರುತ್ತದೆಯೋ ಇಲ್ಲವೋ, ಈ ಮೂರು ವಿಷಯ ಬರೆದರೆ ಗಾಲಿ ಏರಿಸಿದರೆ ಸಾಕೋ, ಬದಲಿಸಬೇಕೋ ಹೇಳುತ್ತೇನೆ.