ಹಾಸನಾಂಬೆ ಸಾಲೋ, ಅರಸೀಕೆರೆ ಸಾಲೋ?

ಕಳೆದ ಸಂಚಿಕೆಯಲ್ಲಿ 'ಅವತ್ತು ನೀವೆಲ್ಲಿದ್ದಿರಿ?' ಅಂತ ಕೇಳಿ, ನಮ್ಮ ಜಿಲ್ಲೆಯ ಮಾಜಿ ಸೈನಿಕರ ನೆನಪುಗಳನ್ನು ಹಾಕಿದ್ದೆವು. ಅವತ್ತು ಅಂದರೆ 1984ರ ಅಕ್ಟೋಬರ್ 31, ಇಂದಿರಾ ಗಾಂಧಿಯವರ ಹತ್ಯೆಯಾದ ದಿನ. ಅದನ್ನು ಓದಿ ಬೇಲೂರು ತಾಲ್ಲೂಕಿನ ನಿವೃತ್ತ ಸುಬೇದಾರರೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು:

"ರಜೆಯಲ್ಲಿ ಬಂದಿದ್ದ ಹವಾಲ್ದಾರರೊಬ್ಬರು ಹಾಸನಾಂಬೆ ದರ್ಶನದ ಸಾಲಿನಲ್ಲಿ ನಿಂತಿದ್ದಾಗ ಸುದ್ದಿ ಕೇಳಿದೆ ಅಂದಿದ್ದಾರೆ. ಆ ವರ್ಷ ದೀಪಾವಳಿ ಅಮಾವಾಸ್ಯೆ ಬಂದಿದ್ದು ಅಕ್ಟೋಬರ್ 24ಕ್ಕೆ. 31ಕ್ಕೆ ಗುಡಿ ಬಾಗಿಲು ಹಾಕಿಯಾಗಿತ್ತು. ಮಿಲಿಟರಿಯವರ ಹೆಸರಲ್ಲಿ ಯಾರೋ ಕಥೆ ಕಟ್ಟಿ ಕಳಿಸಿದರೆ ಹಾಕಿಬಿಡೋದಾ? ಇನ್ನೊಂದು. ಒಬ್ಬರು ಮಧ್ಯಾಹ್ನವೇ ಗೊತ್ತಾಯ್ತು ಅಂತಾರೆ, ಇನ್ನೊಬ್ಬರು ಸಂಜೆ ಅಂತಾರೆ. ಇಬ್ಬರಲ್ಲಿ ಸುಳ್ಳು ಯಾರದು?"

ಸುಬೇದಾರರೇ, ನಮಸ್ಕಾರ.

ಮೊದಲು ತಪ್ಪೊಪ್ಪಿಗೆ. ಹಾಸನದಲ್ಲಿ ಕೂತು ಪತ್ರಿಕೆ ಮಾಡುವವರು ಹಾಸನಾಂಬೆ ಬಾಗಿಲು ಯಾವಾಗ ತೆಗೀತಾರೆ, ಯಾವಾಗ ಹಾಕ್ತಾರೆ ಅಂತ ನೋಡದೆ ಅಚ್ಚು ಹಾಕಿದ್ದು ನಾಚಿಕೆಗೇಡು. ಬಲಿಪಾಡ್ಯಮಿ ಆದಮೇಲೆ ಬಾಗಿಲು ಹಾಕುತ್ತಾರೆ, ಮತ್ತೆ ತೆಗೆಯೋದು ಮುಂದಿನ ವರ್ಷವೇ. ಇದು ಇಲ್ಲಿನ ಚಿಕ್ಕ ಮಕ್ಕಳಿಗೂ ಗೊತ್ತು. ನಮಗೆ ಹೊಳೆಯಲಿಲ್ಲ.

ಎರಡನೇ ಪ್ರಶ್ನೆ ಸುಲಭದ್ದು. ಅಲ್ಲಿ ಸುಳ್ಳು ಯಾರದ್ದೂ ಅಲ್ಲ. ಗುಂಡು ಹೊಡೆದದ್ದು ಬೆಳಗ್ಗೆ 9.20ರ ಸುಮಾರಿಗೆ. ಸತ್ತ ಸುದ್ದಿಯನ್ನು ಬಿಬಿಸಿ ಹಗಲಿನಲ್ಲೇ ಹೇಳಿತು. ಆಕಾಶವಾಣಿ ಹೇಳಿದ್ದು ಸಂಜೆ 6ಕ್ಕೆ. ಟ್ರಾನ್ಸಿಸ್ಟರ್ ತಿರುಗಿಸಿ ಬಿಬಿಸಿ ಹಿಡಿಯುವ ಒಬ್ಬ ಬ್ಯಾರಕ್ಕಿನಲ್ಲಿದ್ದರೆ ಮಧ್ಯಾಹ್ನ, ಇಲ್ಲದಿದ್ದರೆ ಸಂಜೆಯ ರೋಲ್ ಕಾಲ್. ಅಷ್ಟೇ.

ಹಾಸನಾಂಬೆಯದ್ದು ಅಷ್ಟು ಸಲೀಸಲ್ಲ. ನಿಮ್ಮ ಪತ್ರ ಬಂದ ದಿನವೇ ಆ ಹವಾಲ್ದಾರರಿಗೆ ಫೋನ್ ಮಾಡಿದೆ. ದಿನಾಂಕ ಹೇಳಿದೆ. ಅವರು ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, "ಇಲ್ಲ ಸಾರ್, ಸಾಲಲ್ಲಿ ನಿಂತಿದ್ದೆ. ಮನೆಯವಳು ಪಕ್ಕದಲ್ಲಿದ್ದಳು. ಮುಡಿ ತುಂಬ ಹೂ ಇತ್ತು. ಕಣ್ಣಿಗೆ ಕಟ್ಟಿದ ಹಾಗಿದೆ" ಅಂದರು. ಹಿಂದಿನಿಂದ ಅವರ ಮನೆಯವರ ದನಿ ಕೇಳಿಸಿತು. "ಅಯ್ಯೋ, ಹಾಸ್ನಾಂಬೆ ಎಲ್ಲಿ ಬಂತು? ಅದು ಅರಸೀಕೆರೆ ಟೇಸನ್ನು! ನಾನೇ ಮಗೀನ ಎತ್ಕಂಡು ಕಳ್ಸಕ್ಕೆ ಬಂದಿದ್ದೆ."

ಅಲ್ಲಿಗೆ ಗಂಟು ಬಿಚ್ಚಿತು. ದೇವಿ ದರ್ಶನಕ್ಕೆ ಸಾಲಲ್ಲಿ ನಿಂತದ್ದು ಅದಕ್ಕೂ ಒಂದು ವಾರ ಮೊದಲು. ರಜೆ ಮುಗಿಸಿ ಹೊರಟದ್ದು 31ಕ್ಕೆ. ಕೈಯಲ್ಲಿ ಸೈನಿಕರಿಗೆ ಕೊಡುವ ರೈಲು ವಾರೆಂಟ್ ಹಿಡಿದು ಟಿಕೆಟ್ ಕೌಂಟರಿನ ಮುಂದೆ ನಿಂತಿದ್ದಾಗ, ಹಿಂದಿದ್ದ ಯಾರೋ ಸುದ್ದಿ ಹೇಳಿದ್ದಾರೆ. ಅಲ್ಲೂ ಸಾಲು, ಇಲ್ಲೂ ಸಾಲು. ಅಲ್ಲೂ ಹೂ, ಇಲ್ಲೂ ಹೂ. ವರ್ಷಗಳು ಉರುಳಿದ ಹಾಗೆ ಎರಡೂ ಸೇರಿ ಒಂದೇ ಸಾಲಾಗಿದೆ.

ಇದು ಓದಿದವರಿಗೂ ಆಗುವಂಥದ್ದೇ. ಅಮೆರಿಕದ ಮನಶ್ಶಾಸ್ತ್ರಜ್ಞ ಉಲ್ರಿಕ್ ನೈಸರ್‌ಗೆ, 1941ರ ಡಿಸೆಂಬರ್ 7ರಂದು ಪರ್ಲ್ ಹಾರ್ಬರ್ ಮೇಲೆ ದಾಳಿಯಾದ ಸುದ್ದಿ ಬಂದಾಗ ತಾನು ರೇಡಿಯೋದಲ್ಲಿ ಬೇಸ್‌ಬಾಲ್ ಕಾಮೆಂಟರಿ ಕೇಳುತ್ತಿದ್ದೆ ಅನ್ನೋ ಗಟ್ಟಿ ನೆನಪು. ಎಷ್ಟೋ ವರ್ಷ ಆದಮೇಲೆ ಒಂದು ದಿನ ತಲೆಗೆ ಹೊಳೆಯಿತು. ಡಿಸೆಂಬರ್ ಚಳಿಯಲ್ಲಿ ಅಲ್ಲಿ ಬೇಸ್‌ಬಾಲ್ ಆಡೋದೇ ಇಲ್ಲ! ಅವತ್ತು ಇದ್ದದ್ದು ಅವರ ದೇಶದ ಫುಟ್‌ಬಾಲ್ ಪಂದ್ಯ, ಬೇಸ್‌ಬಾಲ್ ತಂಡಗಳ ಹೆಸರನ್ನೇ ಇಟ್ಟುಕೊಂಡಿದ್ದ ಎರಡು ತಂಡಗಳದ್ದು ಅಂತ ಬೇರೆಯವರು ಆಮೇಲೆ ತೋರಿಸಿಕೊಟ್ಟರು.

ಇದೇ ನೈಸರ್ 1986ರಲ್ಲಿ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿದ ಮರುದಿನ, ನೀವೆಲ್ಲಿದ್ದಿರಿ ಅಂತ ಕಾಲೇಜು ಹುಡುಗರಿಂದ ಬರೆಸಿಟ್ಟುಕೊಂಡರು. ಸುಮಾರು ಮೂರು ವರ್ಷ ಬಿಟ್ಟು ಅವರಲ್ಲಿ 44 ಜನರನ್ನು ಮತ್ತೆ ಕೇಳಿದರು. ಅವರಲ್ಲಿ 11 ಜನ ಹೇಳಿದ್ದು ಮುಖ್ಯ ವಿಷಯಗಳಲ್ಲೆಲ್ಲ ತಪ್ಪು. ಅವರದ್ದೇ ಕೈಬರಹ ತೋರಿಸಿದರೂ ಹಳೆಯದು ನೆನಪಿಗೆ ಬರಲಿಲ್ಲ. ಮೂರು ವರ್ಷಕ್ಕೇ ಹೀಗಾದರೆ ನಮ್ಮ ಹವಾಲ್ದಾರರದ್ದು ಏನು ಮಹಾ?

ನನ್ನದೂ ಒಂದಿದೆ. ಆಗ ನಾನು ಚಿಕ್ಕಮಗಳೂರಿನಲ್ಲಿ ಹೈಸ್ಕೂಲು. ಅವತ್ತು ಸಂಜೆ ಮನೆಯಲ್ಲಿ ಟಿವಿ ಮುಂದೆ ಎಲ್ಲರೂ ಅಳುತ್ತಿದ್ದರು ಅಂತ ಎಷ್ಟೋ ಸಭೆಯಲ್ಲಿ ಹೇಳಿದ್ದೇನೆ. ನಮ್ಮ ಮನೆಗೆ ಟಿವಿ ಬಂದದ್ದು 1987ರಲ್ಲಿ! ಅತ್ತದ್ದು ಮಾತ್ರ ನಿಜ ಅಂತ ಅಕ್ಕ ಈಗಲೂ ಹೇಳುತ್ತಾಳೆ. 1978ರ ಉಪಚುನಾವಣೆಯಲ್ಲಿ ವೀರೇಂದ್ರ ಪಾಟೀಲರ ಎದುರು ಇಂದಿರಾ ಗಾಂಧಿಯವರನ್ನು ಗೆಲ್ಲಿಸಿ ಕಳಿಸಿದ ಊರು ಅದು. 1984ರ ಹೊತ್ತಿಗೆ ಅವರು ಮೇದಕ್ ಸಂಸದೆ. ನಮ್ಮ ಬೀದಿಯ ಹೆಂಗಸರ ಬಾಯಲ್ಲಿ ಮಾತ್ರ ಆಗಲೂ 'ನಮ್ ಇಂದ್ರಮ್ಮ'ನೇ.

ಸೈನಿಕರ ಪತ್ರಗಳನ್ನು ಒಟ್ಟಿಗೆ ಇಟ್ಟುಕೊಂಡು ಓದುವಾಗ ನನಗೆ ಬೇರೊಂದು ವಿಷಯ ಕಣ್ಣಿಗೆ ಬಿತ್ತು. ಸುದ್ದಿ ಕೇಳಿದ ಗಳಿಗೆ ಎಲ್ಲರದ್ದೂ ಸ್ವಲ್ಪ ಮಸುಕು. ಆಮೇಲೆ ಬಂದ ಆರ್ಡರ್ ಮಾತ್ರ ಪಕ್ಕಾ. ರಜೆ ಬಂದ್, ಫಾಲ್ ಇನ್, ಕೋತ್ (ಆಯುಧದ ಕೋಣೆ) ತೆಗೆಸಿ ರೈಫಲ್ ಕೊಟ್ಟರು. ಒಬ್ಬರಿಗೆ ಅವತ್ತು ಯಾವ ವಾರ ಅಂತ ನೆನಪಿಲ್ಲ, ಕೈಗೆ ಬಂದ ರೈಫಲಿನ ಬಟ್ ನಂಬರ್ ಇವತ್ತಿಗೂ ಬಾಯಲ್ಲಿದೆ. ಇದನ್ನ ನನಗಿಂತ ನೀವು ಜಾಸ್ತಿ ಬಲ್ಲಿರಿ, ಅಲ್ವಾ?

ಹವಾಲ್ದಾರರು ಫೋನಿನಲ್ಲಿ ಇನ್ನೊಂದು ಮಾತು ಹೇಳಿದರು. ಲೇಖನದಲ್ಲಿ ಅದು ಇರಲಿಲ್ಲ. ಅವರ ಬ್ಯಾರಕ್ಕಿನಲ್ಲಿ ಪಕ್ಕದ ಮಂಚದ ಸರ್ದಾರ್ ಕೂಡ ಆಗ ರಜೆ ಮುಗಿಸಿ ಬರಬೇಕಿತ್ತಂತೆ. ಗುಂಡು ಹೊಡೆದ ಇಬ್ಬರು ಅಂಗರಕ್ಷಕರು ಸಿಖ್ಖರು ಅನ್ನೋ ಒಂದೇ ಕಾರಣಕ್ಕೆ ಆ ದಿನಗಳಲ್ಲಿ ಏನಾಯಿತು ಅಂತ ನಿಮಗೆ ಗೊತ್ತು. ಸರ್ಕಾರದ ಲೆಕ್ಕದಲ್ಲೇ ದೆಹಲಿಯೊಂದರಲ್ಲಿ ಸತ್ತವರು 2,733. ಯೂನಿಫಾರ್ಮಿನಲ್ಲಿದ್ದ ಸಿಖ್ ಸೈನಿಕರನ್ನೂ ರೈಲಿನಿಂದ ಎಳೆದು ಕೊಂದರು. ಈ ಸರ್ದಾರ್ ಎಂಟು ದಿನ ತಡವಾಗಿ ಬಂದ. ಗೇಟಿನಲ್ಲಿ ಸಂತ್ರಿಗೇ ಗುರುತು ಸಿಗಲಿಲ್ಲವಂತೆ. ಗಡ್ಡ ಇಲ್ಲ, ಪಗಡಿ ಇಲ್ಲ, ತಲೆಗೆ ಒಂದು ಟವೆಲ್ ಸುತ್ತಿಕೊಂಡಿದ್ದ. ಲಂಗರಿನಲ್ಲಿ (ಸೈನಿಕರ ಊಟದ ಮನೆ) ಊಟಕ್ಕೆ ಕೂತಾಗಲೂ ಆ ಟವೆಲ್ ತೆಗೆಯಲಿಲ್ಲ. ಯಾರೂ ಏನೂ ಕೇಳಲಿಲ್ಲ. ಅಲ್ಲಿನ ಸುಬೇದಾರ್ ಸಾಹೇಬರು ಮಾತ್ರ ಹೋಗಿ ಅವನ ತಟ್ಟೆಗೆ ಇನ್ನೊಂದು ರೋಟಿ ಹಾಕಿದರಂತೆ.

"ಇದನ್ನ್ಯಾಕೆ ಬರೀಲಿಲ್ಲ?" ಅಂದೆ. "ನೀವು ಕೇಳಿದ್ದು ಸುದ್ದಿ ಬಂದಾಗ ಎಲ್ಲಿದ್ದೆ ಅಂತ. ಅದಕ್ಕೆ ಅಷ್ಟೇ ಬರೆದೆ" ಅಂದರು. ಹೆಸರು, ಯೂನಿಟ್ ಹಾಕದೆ ಬರೆಯಿರಿ ಅಂತ ಒಪ್ಪಿಗೆ ಕೊಟ್ಟಿದ್ದಾರೆ. ಈ ಎಂಟು ದಿನವೂ ಹನ್ನೆರಡೋ ಹತ್ತೋ ಆಗಿರಬಹುದು. ಟವೆಲ್ ಬಗ್ಗೆ ನನಗೆ ಅನುಮಾನ ಇಲ್ಲ.

ಹಾಗಾಗಿ ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕುತ್ತೇವೆ: ಹಾಸನಾಂಬೆ ಸಾಲು ಅಲ್ಲ, ಅರಸೀಕೆರೆ ಸ್ಟೇಷನ್ ಅಂತ. 'ಕಥೆ ಕಟ್ಟಿದರು' ಅಂತ ಹಾಕಲ್ಲ. ಆ ಮಾತನ್ನು ನೀವೂ ವಾಪಸ್ ತಗೊಳ್ಳಿ ಅನ್ನೋದು ನನ್ನ ಕೋರಿಕೆ.

ಮತ್ತೆ, ನಿಮ್ಮ ಎರಡು ಪುಟವನ್ನೂ ತಿರುಗಿಸಿ ತಿರುಗಿಸಿ ನೋಡಿದೆ. ಅವತ್ತು ನೀವೆಲ್ಲಿದ್ದಿರಿ ಅಂತ ಎಲ್ಲೂ ಬರೆದಿಲ್ಲ. ಬರೆದು ಕಳಿಸಿ. ಅಂಚೆಗೆ ಹಾಕೋ ಮೊದಲು ಮನೆಯವರಿಗೆ ಒಂದ್ಸಲ ಓದಿ ಹೇಳಿ.