ಅರ್ಧಕ್ಕೆ ನಿಂತ ಕಾಂಟೆಸ್ಸಾವನ್ನು ಕೊಳ್ಳಬಹುದೇ?

ಪ್ರಶ್ನೆ: ಶಿವಮೊಗ್ಗದ ಪರಿಚಯಸ್ಥರೊಬ್ಬರ ಶೆಡ್ಡಿನಲ್ಲಿ 1990ರ ದಶಕದ ಕಾಂಟೆಸ್ಸಾ ಕ್ಲಾಸಿಕ್ ಪೆಟ್ರೋಲ್ ಕಾರೊಂದು ರಿಸ್ಟೋರೇಷನ್ (ಹಳೆಯ ಕಾರನ್ನು ಮೊದಲಿನಂತೆ ಮಾಡುವ ಕೆಲಸ) ಅರ್ಧವಾಗಿ ನಿಂತಿದೆ. ಟಿಂಕರಿಂಗ್ ಮುಗಿಸಿ ಬೂದು ಪ್ರೈಮರ್ ಹೊಡೆಸಿದ್ದಾರೆ. ಎಂಜಿನ್ ಬಿಚ್ಚಿಟ್ಟಿದ್ದಾರೆ, ಉಳಿದ ಸಾಮಾನುಗಳು ಡಬ್ಬಗಳಲ್ಲಿವೆ. ಈವರೆಗೆ ನಾಲ್ಕು ಲಕ್ಷ ಖರ್ಚಾಗಿದೆ ಎಂದು ಹೇಳಿ ಮೂರು ಲಕ್ಷ ಕೇಳುತ್ತಿದ್ದಾರೆ. ‘ಕಷ್ಟದ ಕೆಲಸವೆಲ್ಲ ಮುಗಿದಿದೆ, ಇನ್ನು ಜೋಡಿಸಿದರೆ ಆಯಿತು’ ಎನ್ನುತ್ತಾರೆ. ಚಿಕ್ಕಂದಿನಿಂದ ಈ ಕಾರಿನ ಮೇಲೆ ನನಗೆ ಬಹಳ ಆಸೆ. ಕೊಳ್ಳಬಹುದೇ? – ಓದುಗರು, ತೀರ್ಥಹಳ್ಳಿ

ಉತ್ತರ: ನಿಮ್ಮ ಆಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಬ್ರಿಟನ್ನಿನ ವಾಕ್ಸ್‌ಹಾಲ್ ಕಂಪನಿಯ 1970ರ ದಶಕದ ಕಾರಿನ ಅಚ್ಚುಗಳಿಂದ ಹಿಂದೂಸ್ತಾನ್ ಮೋಟಾರ್ಸ್ ತಯಾರಿಸಿದ, ಉದ್ದನೆಯ ಬಾನೆಟ್ಟಿನ ಈ ಕಾರನ್ನು ನಮ್ಮ ದೇಶದ ಮಸಲ್ ಕಾರ್ (ಬಲಿಷ್ಠ ಎಂಜಿನ್ನಿನ ಕಾರು) ಎಂದು ಅಭಿಮಾನಿಗಳು ಕರೆಯುವುದರಲ್ಲಿ ಪ್ರೀತಿಯಿದೆ. ಆದರೂ ನೀವು ಬರೆದಿರುವಷ್ಟು ವಿವರದ ಮೇಲೆ ಮೂರು ಲಕ್ಷ ಕೊಡಬೇಡಿ ಎಂದೇ ಹೇಳುತ್ತೇನೆ. ಅರ್ಧಕ್ಕೆ ನಿಂತ ಕಾರನ್ನು ತೂಗಿ ನೋಡುವಾಗ, ಆಗಿದೆ ಎಂದು ಹೇಳುವ ಯಾವ ಕೆಲಸಕ್ಕೆ ಬಿಲ್ಲು, ಫೋಟೊ ಅಥವಾ ಕಣ್ಣಿಗೆ ಕಾಣುವ ಪುರಾವೆ ಇಲ್ಲವೋ ಆ ಕೆಲಸ ಆಗಿಯೇ ಇಲ್ಲವೆಂದು ಲೆಕ್ಕ ಹಾಕಬೇಕು. ಮಾರುವವರು ಸುಳ್ಳು ಹೇಳುತ್ತಿದ್ದಾರೆ ಎಂದು ಇದರ ಅರ್ಥವಲ್ಲ. ಪ್ರೈಮರ್ ಬಿದ್ದ ಮೇಲೆ ಅದರ ಅಡಿಯಲ್ಲಿ ಏನಿದೆ ಎಂಬುದು ಅನೇಕ ಸಲ ಮಾಲೀಕರಿಗೂ ತಿಳಿದಿರುವುದಿಲ್ಲ.

ಆದ್ದರಿಂದ ಮೊದಲು ಬಾಡಿಯನ್ನೇ ನೋಡಿ. ಕಾಂಟೆಸ್ಸಾಕ್ಕೆ ಜೀಪಿನ ಹಾಗೆ ಪ್ರತ್ಯೇಕ ಚಾಸಿಸ್ ಇಲ್ಲ. ತಗಡಿನ ಬಾಡಿಯೇ ಇಡೀ ಭಾರವನ್ನು ಹೊರುತ್ತದೆ. ಹಾಗಾಗಿ ಬಾಗಿಲುಗಳ ಕೆಳಗೆ ಉದ್ದಕ್ಕೂ ಹೋಗುವ ಪೆಟ್ಟಿಗೆಯಂಥ ಭಾಗ, ಫ್ಲೋರ್, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಂಡಿ, ಮುಂದಿನ ಗಾಜಿನ ಕೆಳ ಅಂಚು ಇವು ತುಕ್ಕು ಹಿಡಿದಿದ್ದರೆ ಅದು ಅಂದದ ಪ್ರಶ್ನೆಯಲ್ಲ, ಬಲದ ಪ್ರಶ್ನೆ. ಸಣ್ಣ ಅಯಸ್ಕಾಂತವೊಂದನ್ನು ತೆಳುವಾದ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ ಬಾಗಿಲಿನ ಮೇಲೆ ಮಧ್ಯದಿಂದ ಕೆಳಕ್ಕೆ ನಿಧಾನವಾಗಿ ಜಾರಿಸಿ. ನಡುವೆ ಗಟ್ಟಿಯಾಗಿ ಹಿಡಿದುಕೊಳ್ಳುವ ಅಯಸ್ಕಾಂತ ಕೆಳ ಅಂಚಿಗಿಂತ ನಾಲ್ಕು ಬೆರಳು ಮೇಲೆ ಹಿಡಿತ ಬಿಟ್ಟು ಕೈಗೆ ಬಿದ್ದರೆ ಅಲ್ಲಿ ತಗಡಿನ ಮೇಲೆ ದಪ್ಪನೆಯ ಪುಟ್ಟಿ ಇದೆ, ಅಥವಾ ತಗಡೇ ಇಲ್ಲ ಎಂದು ತಿಳಿಯಿರಿ. ತೆಳುವಾದ ಪುಟ್ಟಿ ತಪ್ಪಲ್ಲ, ಒಳ್ಳೆಯ ಟಿಂಕರ್ ಕೂಡ ಕೊನೆಯ ನಯಕ್ಕೆ ಅದನ್ನು ಬಳಸುತ್ತಾನೆ. ತೂತನ್ನು ಪುಟ್ಟಿಯಿಂದ ಮುಚ್ಚಿರುವುದು ಮಾತ್ರ ಕ್ಷಮಿಸುವಂಥದ್ದಲ್ಲ. ಅನಂತರ ಕಾರನ್ನು ಜಾಕ್ ಮೇಲೆತ್ತಿ, ಭದ್ರವಾದ ಸ್ಟ್ಯಾಂಡ್ ಕೊಟ್ಟು ಅಡಿಭಾಗವನ್ನು ನೋಡಿ. ಹೊಸದಾಗಿ ಕಪ್ಪು ಕೋಟಿಂಗ್ ಬಳಿದಿದ್ದರೆ ಮಾರುವವರ ಒಪ್ಪಿಗೆ ಪಡೆದು ಸ್ಕ್ರೂಡ್ರೈವರ್‌ನಿಂದ ಅಲ್ಲಲ್ಲಿ ಒತ್ತಿ ಪರೀಕ್ಷಿಸಿ. ಅವರು ಒಪ್ಪದಿದ್ದರೆ ನಿಮಗೆ ಉತ್ತರ ಸಿಕ್ಕಿದಂತೆಯೇ.

ಫ್ಲೋರ್ ಬದಲಾಯಿಸಿದ್ದಾರೆಯೇ ಎಂದು ಕೇಳಲು ಮರೆಯಬೇಡಿ. ಒಳಗೆ ಆಧಾರದ ಪಟ್ಟಿಗಳನ್ನು ವೆಲ್ಡ್ ಮಾಡಿಕೊಳ್ಳದೆ ಹಳೆಯ ಫ್ಲೋರ್ ಕತ್ತರಿಸಿದರೆ ಇಡೀ ಬಾಡಿ ಸ್ವಲ್ಪ ಕುಸಿದು, ಬಾಗಿಲುಗಳು ಮುಂದೆಂದೂ ಸರಿಯಾಗಿ ಕೂರುವುದಿಲ್ಲ. ಬಾಗಿಲುಗಳನ್ನು ಬಿಚ್ಚಿಟ್ಟಿದ್ದರೆ ವ್ಯಾಪಾರಕ್ಕೆ ಮುನ್ನ ನಾಲ್ಕನ್ನೂ ಕೂರಿಸಿ ತೋರಿಸಲು ಹೇಳಿ, ಸಂದು ಮೇಲಿಂದ ಕೆಳಗಿನವರೆಗೆ ಒಂದೇ ಸಮ ಇದೆಯೇ ನೋಡಿ.

ನಮ್ಮ ಕಡೆಯ ಮಳೆಯನ್ನು ಇಲ್ಲಿ ಬಿಡುವಂತಿಲ್ಲ. ಸಾಧಾರಣ ಪ್ರೈಮರ್ ನೀರನ್ನು ತಡೆಯುವುದಿಲ್ಲ, ಒಳಕ್ಕೆ ಬಿಡುತ್ತದೆ. ಬಣ್ಣ ಬೀಳುವವರೆಗಿನ ಅಲ್ಪಕಾಲದ ಹೊದಿಕೆ ಅದು. ಪ್ರೈಮರ್ ಹೊಡೆಸಿ ಎಷ್ಟು ಮಳೆಗಾಲ ಕಳೆದಿವೆ, ಶೆಡ್ಡಿನ ನೆಲ ಸಿಮೆಂಟಿನದೋ ಮಣ್ಣಿನದೋ, ಕಾರಿನ ಮೇಲೆ ಟಾರ್ಪಾಲು ಬಿಗಿದಿಟ್ಟಿದ್ದರೋ ಎಂಬುದನ್ನೆಲ್ಲ ವಿಚಾರಿಸಿ. ಮಣ್ಣಿನ ನೆಲದ ಮೇಲೆ ಟಾರ್ಪಾಲು ಹೊದ್ದು ನಿಂತ ಕಾರು ಆಷಾಢದ ತೇವವನ್ನೆಲ್ಲ ಒಳಗೇ ಹಿಡಿದಿಟ್ಟುಕೊಳ್ಳುತ್ತದೆ. ಬೂದು ಬಣ್ಣದ ನಡುವೆ ಸಾಸಿವೆ ಕಾಳಿನಷ್ಟು ಕಂದು ಚುಕ್ಕೆಗಳು ಎದ್ದಿದ್ದರೆ ಪ್ರೈಮರನ್ನು ಪೂರ್ತಿ ಕಿತ್ತು ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ. ನೀರನ್ನು ತಡೆಯುವ ಎಪಾಕ್ಸಿ ಪ್ರೈಮರ್ ಆಗಿದ್ದರೆ ಇಷ್ಟು ಭಯವಿಲ್ಲ, ಆದರೆ ಅದಕ್ಕೂ ಬಿಲ್ಲು ಕೇಳಿ.

ಇನ್ನು ಡಬ್ಬಗಳ ವಿಷಯ. ಬಾಡಿಯಷ್ಟೇ ಮುಖ್ಯವೆಂದು ನಾನು ಭಾವಿಸುವುದು ಇದನ್ನೇ. ಕಾಂಟೆಸ್ಸಾದ ತಯಾರಿಕೆ 2002ರಲ್ಲಿ ನಿಂತಿತು. ಬೇರಿಂಗ್, ಬ್ರೇಕ್ ಲೈನಿಂಗ್, ಹೋಸ್ ಮುಂತಾದವನ್ನು ಹುಡುಕಿಯೋ ಲೇತ್‌ನಲ್ಲಿ ಮಾಡಿಸಿಯೋ ಹೇಗಾದರೂ ಹೊಂದಿಸಬಹುದು. ಆದರೆ ಮುಂದಿನ ಗ್ರಿಲ್, ಹಿಂದಿನ ದೀಪಗಳ ಗಾಜು, ಬಾಗಿಲಿನ ಹಿಡಿ, ಕ್ರೋಮ್ ಪಟ್ಟಿಗಳು, ಬಿರುಕಿಲ್ಲದ ಡ್ಯಾಶ್‌ಬೋರ್ಡ್, ಮೀಟರ್‌ಗಳು, ಕಿಟಕಿ ಎತ್ತಿಳಿಸುವ ಯಂತ್ರ ಇವನ್ನು ಗುಜರಿ ಅಂಗಡಿಯಿಂದ ಗುಜರಿ ಅಂಗಡಿಗೆ ಅಲೆದು, ಸಿಕ್ಕಿದಾಗ ಕೇಳಿದಷ್ಟು ಕೊಟ್ಟು ತರಬೇಕು. ಆದ್ದರಿಂದ ಪ್ರತಿ ಡಬ್ಬವನ್ನೂ ನೆಲದ ಮೇಲೆ ಸುರಿಸಿ, ಓಡುತ್ತಿರುವ ಕಾಂಟೆಸ್ಸಾದ ಫೋಟೊಗಳನ್ನು ಪಕ್ಕದಲ್ಲಿಟ್ಟುಕೊಂಡು, ಒಂದೊಂದೇ ವಸ್ತುವನ್ನು ಹೊಂದಿಸಿ ನೋಡಿ, ಇಲ್ಲದ್ದನ್ನು ಬರೆದುಕೊಳ್ಳಿ. ಒಂದು ದಿನವೇ ಹಿಡಿದರೂ ಸರಿ. ಹಳೆಯ ವೈರಿಂಗನ್ನು ಗುರುತಿನ ಚೀಟಿ ಕಟ್ಟದೆ ಕಿತ್ತು ಚೀಲಕ್ಕೆ ತುಂಬಿದ್ದರೆ, ಅಥವಾ ಇಲಿ ಕಡಿದಿದ್ದರೆ, ಹೊಸ ವೈರಿಂಗಿನ ಖರ್ಚನ್ನೇ ಹಿಡಿಯಿರಿ.

ಎಂಜಿನ್ ಬಿಚ್ಚಿರುವುದರಿಂದ ಒಂದು ಅನುಕೂಲವಿದೆ: ಅಳತೆ ತೆಗೆಸಬಹುದು. ಕ್ಲಾಸಿಕ್‌ನಲ್ಲಿರುವುದು ಇಸುಜು ಕಂಪನಿಯ 1.8 ಲೀಟರ್ ಪೆಟ್ರೋಲ್ ಎಂಜಿನ್, ಸುಮಾರು 88 ಅಶ್ವಶಕ್ತಿಯದು. ಅದಕ್ಕೂ ಹಿಂದಿನ ಕಾಂಟೆಸ್ಸಾಗಳಿಗೆ ಅಂಬಾಸಿಡರ್‌ನ 1.5 ಲೀಟರ್ ಎಂಜಿನ್ ಇತ್ತು. ಬ್ಲಾಕ್, ಕ್ರ್ಯಾಂಕ್ ಮತ್ತು ಹೆಡ್ಡನ್ನು ಶಿವಮೊಗ್ಗದಲ್ಲೇ ಒಳ್ಳೆಯ ಲೇತ್ ಅಂಗಡಿಗೆ ಒಯ್ದು ತೋರಿಸಿ. ಬೋರ್ ಮಾಡಿಸಿದ (ಸಿಲಿಂಡರಿನ ಒಳಮೈ ಕೊರೆಸಿ ನಯ ಮಾಡಿಸಿದ) ಮೇಲೆ ಎಣ್ಣೆ ಸವರದೆ ಇಟ್ಟ ಬ್ಲಾಕ್ ಈ ತೇವಕ್ಕೆ ಕೆಲವೇ ದಿನಗಳಲ್ಲಿ ತುಕ್ಕು ಹಿಡಿಯುತ್ತದೆ. ಪೆಟ್ರೋಲ್ ಟ್ಯಾಂಕಿನ ಒಳಗೂ ಟಾರ್ಚ್ ಬಿಡದೆ ಬರಬೇಡಿ. ಜೊತೆಗೆ, ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಇರುವುದರಿಂದ ಹಳೆಯ ರಬ್ಬರ್ ಪೈಪುಗಳನ್ನೆಲ್ಲ ಬದಲಿಸುವ ಖರ್ಚನ್ನೂ ಸೇರಿಸಿಕೊಳ್ಳಿ.

ಹಣದ ಲೆಕ್ಕ ಹೀಗಿರಲಿ. ಅವರು ಖರ್ಚು ಮಾಡಿದ ನಾಲ್ಕು ಲಕ್ಷಕ್ಕೂ ಕಾರಿನ ಇಂದಿನ ಬೆಲೆಗೂ ಸಂಬಂಧವಿಲ್ಲ. ಸುಸ್ಥಿತಿಯಲ್ಲಿ ಓಡುತ್ತಿರುವ ಇದೇ ಮಾದರಿಯ ಕಾರು ಎಷ್ಟಕ್ಕೆ ಸಿಗುತ್ತದೆ ಎಂದು ಮೊದಲು ತಿಳಿದುಕೊಳ್ಳಿ. ಟಿಂಕರ್, ಮೇಸ್ತ್ರಿ ಮತ್ತು ಪೇಂಟರ್ ಮೂವರನ್ನೂ ಕರೆದೊಯ್ದು ಉಳಿದ ಕೆಲಸಕ್ಕೆ ಬೇರೆ ಬೇರೆಯಾಗಿ ಅಂದಾಜು ಬರೆಸಿ, ಒಟ್ಟು ಮೊತ್ತಕ್ಕೆ ಅದರ ಅರ್ಧದಷ್ಟನ್ನು ಸೇರಿಸಿ, ಓಡುವ ಕಾರಿನ ಬೆಲೆಯಿಂದ ಕಳೆಯಿರಿ. ಉಳಿದದ್ದೇ ನೀವು ಕೊಡಬಹುದಾದ ಗರಿಷ್ಠ ಬೆಲೆ. ಅದು ಸೊನ್ನೆಯ ಹತ್ತಿರ ಬಂದರೆ ಓಡುವ ಕಾರನ್ನೇ ಹುಡುಕಿಕೊಳ್ಳಿ. ಕೆಲಸ ಯಾಕೆ ನಿಂತಿತು ಎಂದು ಮಾರುವವರನ್ನಲ್ಲದೆ, ಕೆಲಸ ಮಾಡುತ್ತಿದ್ದ ಗ್ಯಾರೇಜಿನವರನ್ನೂ ಕೇಳಿ. ಅಡಿಕೆ ದರ ಬಿದ್ದು ಕೈ ಕಟ್ಟಿಹೋಯಿತು ಎಂಬ ಕಾರಣಕ್ಕೂ, ಮೇಸ್ತ್ರಿಯೇ ‘ಇದು ಏಳುವ ಗಾಡಿಯಲ್ಲ’ ಎಂದು ಕೈಬಿಟ್ಟ ಎಂಬ ಕಾರಣಕ್ಕೂ ಬಹಳ ಅಂತರವಿದೆ.

ಪ್ರಶ್ನೆ: ನಾನೂ ಇಂಥದೇ ಕಾಂಟೆಸ್ಸಾವೊಂದನ್ನು ನೋಡಿದ್ದೇನೆ. ಆರ್‌ಸಿ ಅವಧಿ ಮುಗಿದು ಬಹಳ ವರ್ಷಗಳಾಗಿವೆ, ಕಾರು ಈಗಿನವರ ಹೆಸರಿನಲ್ಲೂ ಇಲ್ಲ. ವಿಂಟೇಜ್ ಎಂದು ನೋಂದಾಯಿಸಿಕೊಳ್ಳಬಹುದು ಎನ್ನುತ್ತಾರೆ, ನಿಜವೇ? – ಓದುಗರು, ಸಾಗರ

ಉತ್ತರ: ನಿಜವಲ್ಲ. 2021ರಲ್ಲಿ ಬಂದ ವಿಂಟೇಜ್ ನಿಯಮ 50 ವರ್ಷ ದಾಟಿದ ವಾಹನಗಳಿಗೆ ಮಾತ್ರ ಅನ್ವಯಿಸುತ್ತದೆ. ಅಷ್ಟು ಹಳೆಯ ಕಾಂಟೆಸ್ಸಾ ಇಲ್ಲ. ನಿಮ್ಮದು ಸಾಮಾನ್ಯ ಮರುನೋಂದಣಿಯ ದಾರಿ. 20 ವರ್ಷ ದಾಟಿದ ಕಾರಿಗೆ ಇದರ ಶುಲ್ಕವನ್ನು 2025ರಲ್ಲಿ 10,000 ರೂಪಾಯಿಗೆ ಏರಿಸಲಾಗಿದೆ, ಅದರ ಮೇಲೆ ವಿಳಂಬ ಶುಲ್ಕ, ಹಸಿರು ತೆರಿಗೆಗಳಿವೆ. ಅದಕ್ಕಿಂತ ದೊಡ್ಡ ತೊಡಕೆಂದರೆ, ತಪಾಸಣೆಗೆ ಕಾರು ಓಡುವ ಸ್ಥಿತಿಯಲ್ಲಿ ಆರ್‌ಟಿಓ ಮುಂದೆ ನಿಲ್ಲಬೇಕು. ಬಿಚ್ಚಿಟ್ಟ ಕಾರಿಗೆ ಅದು ಸಾಧ್ಯವಿಲ್ಲ. ಅಂದರೆ ಕಾಗದಪತ್ರ ಸರಿಹೋಗುತ್ತದೆಯೋ ಇಲ್ಲವೋ ಎಂದು ತಿಳಿಯುವ ಮೊದಲೇ ನಿಮ್ಮ ಹಣವೆಲ್ಲ ಅದರಲ್ಲಿ ಸೇರಿರುತ್ತದೆ. ಹೀಗಾಗಿ ಚಾಸಿಸ್ ಸಂಖ್ಯೆಯನ್ನೂ ಎಂಜಿನ್ ಸಂಖ್ಯೆಯನ್ನೂ ಆರ್‌ಸಿಯೊಡನೆ ಈಗಲೇ ತಾಳೆ ನೋಡಿ. ಎಂಜಿನ್ ಬದಲಾಗಿದ್ದು ಅದು ಆರ್‌ಸಿಯಲ್ಲಿ ನಮೂದಾಗಿಲ್ಲದಿದ್ದರೆ ಮುಂದೆ ತೊಂದರೆ ತಪ್ಪಿದ್ದಲ್ಲ. ಹಿಂದೆ ಸಾಲವಿದ್ದರೆ ಅದು ತೀರಿದ ಪತ್ರ ಬೇಕು. ಆರ್‌ಸಿಯಲ್ಲಿ ಹೆಸರಿರುವವರು, ಅವರು ತೀರಿಕೊಂಡಿದ್ದರೆ ಅವರ ವಾರಸುದಾರರು, ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿಕೊಡುವವರೆಗೆ ಮುಂಗಡವನ್ನೂ ಕೊಡಬೇಡಿ.