ಕಲಬುರಗಿಯ ಬಿಸಿಲಲ್ಲಿ ಲೋಹದ ಪುಡಿಯೊಳಗೆ ಹೈಡ್ರೋಜನ್ ತುಂಬಿಟ್ಟರೆ ಟ್ಯಾಂಕ್ ಸಿಡಿಯಲ್ವಾ?

ಸರಿಯಾದ ಲೋಹ ಆರಿಸಿ, ಮಿತಿ ಮೀರಿ ತುಂಬದಿದ್ದರೆ ಆ ಭಯ ತೀರಾ ಕಡಿಮೆ. ಲ್ಯಾಂಥನಮ್-ನಿಕಲ್ ಮಿಶ್ರಲೋಹದ ಪುಡಿಯನ್ನೇ ತಗೊಳ್ಳಿ. ಅದಕ್ಕೆ ತಾಗಿದ ಹೈಡ್ರೋಜನ್ ಬಿಡಿ ಪರಮಾಣುಗಳಾಗಿ ಒಡೆದು, ಲೋಹದ ಪರಮಾಣುಗಳ ನಡುವಿನ ಸಂದಿಯಲ್ಲಿ ಹೋಗಿ ಕೂರುತ್ತದೆ. ಅಲ್ಲಿಂದ ಹೊರಬರಲು ಶಾಖ ಬೇಕು. ಎಲ್ಲಾದರೂ ಸೋರಿದರೆ ಆ ಶಾಖವನ್ನು ಪುಡಿಯಿಂದಲೇ ಎಳೆದುಕೊಳ್ಳುತ್ತದೆ. ಪುಡಿ ತಣ್ಣಗಾಗಿ ಸೋರಿಕೆ ತಾನಾಗಿಯೇ ನಿಧಾನವಾಗುತ್ತದೆ. ನನಗೆ ತುಂಬ ಇಷ್ಟವಾದ ಗುಣ ಇದು.

ಮೇ ತಿಂಗಳ ನಮ್ಮ ಬಿಸಿಲಿಗೆ ಟ್ಯಾಂಕ್ 45 ಡಿಗ್ರಿಗೆ ಕಾದರೂ ಒಳಗಿನ ಒತ್ತಡ ಸುಮಾರು 4 ಬಾರ್ ಅಷ್ಟೇ. ಹೈಡ್ರೋಜನ್ ಕಾರುಗಳ ಟ್ಯಾಂಕನ್ನು 700 ಬಾರ್‌ವರೆಗೆ ತುಂಬುತ್ತಾರೆ!

ತೊಂದರೆ ಇರೋದು ತೂಕದ್ದು. 100 ಕೆಜಿ ಪುಡಿ ಹಿಡಿಯುವ ಹೈಡ್ರೋಜನ್ ಒಂದೂವರೆ ಕೆಜಿಯೂ ಇಲ್ಲ. ಹಾಗಾಗಿ ಬೈಕಿಗೆ ಒಗ್ಗಲ್ಲ. ದಾಲ್ ಮಿಲ್ಲಿನ ಮೂಲೆಯಲ್ಲಿ ಕದಲದೆ ನಿಲ್ಲುವ ಟ್ಯಾಂಕಿಗೆ ಆಗಬಹುದು.